ಕಂಬಕ್ಕೆ ಹೇಳಿದ್ದು, ಮಾವನವರು ಕೇಳಿದ್ದು

ನಮ್ಮ ಮಾವನವರ ಬಲಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ಮಸ್ಕಿಯ ಬಟ್ಟೆ ಅಂಗಡಿಯಲ್ಲಿ ಜೀವಮಾನವಿಡೀ ಬಟ್ಟೆಯ ಅಂಚನ್ನು ಕಬ್ಬಿಣದ ಗಜಕ್ಕೆ ಒತ್ತಿ ಹಿಡಿದು ಅಳೆದ ಬೆರಳು ಅದು. ಅದರಿಂದ ಅವರು ಕಂಪ್ಯೂಟರಿನ ಒಂದು ಗುಂಡಿ ಒತ್ತಿದರೆ ಪಕ್ಕದ ಗುಂಡಿಯೂ ಜೊತೆಗೇ ಕೆಳಗಿಳಿಯುತ್ತಿತ್ತು.

ನಾನು ಸಿಂಧನೂರಿನ ಕಾನ್ವೆಂಟಿನಲ್ಲಿ ಓದಿ ಆ ಮನೆಗೆ ಸೊಸೆಯಾಗಿ ಬಂದವಳು. ಶಾಲೆಯಲ್ಲಿ ಸಿಸ್ಟರ್‌ಗಳು ಎದುರಿನವರ ಮುಖ ನೋಡಿ ಮಾತಾಡಬೇಕೆಂದು ಕಲಿಸಿದ್ದರು. ಇಲ್ಲಿ ಸೊಸೆ ಮಾವನ ಮುಂದೆ ಕೂರುವಂತಿರಲಿಲ್ಲ, ನೇರವಾಗಿ ಮಾತಾಡುವಂತೆಯೂ ಇರಲಿಲ್ಲ. ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುವುದನ್ನು ಅತ್ತೆಗೆ ಹೇಳಬೇಕು. ಅತ್ತೆ ಅವರಿಗೆ ಮುಟ್ಟಿಸಬೇಕು. ಊಟಕ್ಕೆ ಏಳಿ ಎನ್ನುವ ಮಾತೂ ಹೀಗೆ ಸುತ್ತಿಕೊಂಡೇ ಹೋಗುತ್ತಿತ್ತು. ಮಾವನವರು ಗದರುವ ಮನುಷ್ಯರಲ್ಲ, ಪದ್ಧತಿ ಹಾಗಿತ್ತು. ಮದುವೆಯಾಗಿ ವರ್ಷವಾದರೂ ನನ್ನ ದನಿ ಅವರಿಗೆ ಗುರುತಿತ್ತೋ ಇಲ್ಲವೋ.

ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ಇಂಜಿನಿಯರಿಂಗ್ ಓದುತ್ತಿದ್ದ ಮೈದುನ ಲಿಂಗಸುಗೂರಿನ ಗೆಳೆಯನಿಂದ ರಜೆಗೆಂದು ಒಂದು ಕಂಪ್ಯೂಟರ್ ಕೇಳಿ ತಂದ. ದಪ್ಪನೆಯ ಕೀಲಿಮಣೆಯೇ ಇಡೀ ಕಂಪ್ಯೂಟರು. ಅದರಿಂದ ಒಂದು ವೈರು ಟಿ.ವಿ.ಗೆ, ಇನ್ನೊಂದು ಟೇಪ್ ರೆಕಾರ್ಡರಿಗೆ. ಆಟ ಇರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಅದು ಓಡುವಾಗಿನ ಕಿರುಚಾಟ ಕೇಳಿ ಅತ್ತೆ, "ಯಾರೋ ಬೆಕ್ಕಿನ ಬಾಲ ತುಳದಾರ ನೋಡವ್ವ" ಎಂದು ಹಿತ್ತಲಿಗೆ ಹೋಗಿ ನೋಡಿಬಂದರು.

ಆಟದಲ್ಲಿ ಪರದೆಯ ಒಂದು ಮೂಲೆಯ ಯಂತ್ರದಿಂದ ಬೆಳಕಿನ ಗೆರೆ ಹೊರಡುತ್ತದೆ. ನಡುವೆ ಪುಟ್ಟ ಪುಟ್ಟ ಕನ್ನಡಿಗಳು. ಅವನ್ನು ತಿರುಗಿಸಿ ತಿರುಗಿಸಿ ಬೆಳಕನ್ನು ಅಲ್ಲಲ್ಲಿರುವ ಗುಂಡುಗಳಿಗೆ ತಾಗಿಸಿ ಒಡೆಯಬೇಕು. ಎಲ್ಲ ಒಡೆದರೆ ಎದುರು ಮೂಲೆಯ ಬಾಗಿಲು ತೆರೆಯುತ್ತದೆ. ಬೆಳಕು ಅಲ್ಲಿಗೆ ಮುಟ್ಟಿದರೆ ಗೆದ್ದಂತೆ. ಆದರೆ ಅದು ತಿರುಗಿ ಹೊರಟಲ್ಲಿಗೇ ಬಂದು ಬಿದ್ದರೆ ಯಂತ್ರ ಕಾದು ಆಟವೇ ಮುಗಿಯುತ್ತದೆ.

ಮೈದುನನಿಗೆ ನಾಲ್ಕು ದಿನದಲ್ಲಿ ಬೇಸರ ಬಂತು. ಆಟದ ಹುಚ್ಚು ಹಿಡಿದುಕೊಂಡದ್ದು ಮಾವನವರಿಗೆ. ಅವರ ಅಂಗಡಿಯ ಒಳಗೆ ಹಗಲಲ್ಲೂ ಮಬ್ಬು. ಸೀರೆಯ ನಿಜವಾದ ಬಣ್ಣ ತೋರಿಸಲು ಹೊರಗಿನ ಕಟ್ಟೆಯ ಮೇಲೊಂದು ಕನ್ನಡಿ ಇಟ್ಟು ಬಿಸಿಲನ್ನು ಒಳಗೆ ಬೀಳಿಸುತ್ತಿದ್ದರು. "ಇದು ನಮ್ಮ ದಂಧೆನೇ ಐತಲ್ಲೋ!" ಎಂದು ಕುರ್ಚಿ ಎಳೆದುಕೊಂಡು ಕೂತವರು ಮಧ್ಯಾಹ್ನದ ನಿದ್ದೆ ಬಿಟ್ಟರು. ಟಿ.ವಿ.ಯ ಬೆಳಕಿಗೆ ಅವರ ಹಣೆಯ ವಿಭೂತಿ ಒಮ್ಮೆ ಹಸಿರು, ಒಮ್ಮೆ ನೀಲಿ.

ಆರನೆಯ ಹಂತದಲ್ಲಿ ಸಿಕ್ಕಿಬಿದ್ದರು. ಹತ್ತಿರ ಕೂತವರಿಗೆ ಒಂದೊಂದೇ ಕನ್ನಡಿ ಕಾಣುತ್ತಿತ್ತು; ಬಾಗಿಲಲ್ಲಿ ನಿಂತ ನನಗೆ ಬೆಳಕಿನ ದಾರಿ ಪೂರ್ತಿ ಕಾಣುತ್ತಿತ್ತು. ತಡೆಯಲಾರದೆ ಅತ್ತೆಯ ಕಿವಿಯಲ್ಲಿ ಹೇಳಿದೆ.

"ಮ್ಯಾಲಿಂದು ಸೊಟ್ಟ ಐತಂತ್ರೀ," ಅತ್ತೆ ಮುಟ್ಟಿಸಿದರು.

"ಯಾವ ಮ್ಯಾಲಿಂದು?"

"ಯಾವುದವ್ವ?" ಅತ್ತೆ ನನ್ನ ಕಡೆ ತಿರುಗಿದರು.

"ಬಲಗಡೆಯದು..." ಎನ್ನುವಷ್ಟರಲ್ಲಿ ಯಂತ್ರ ಕಾದು ಗುರ್ರೆಂದಿತು. ಆಟ ಮುಗಿಯಿತು.

"ಈ ಟಪಾಲಿನ ಕೆಲಸ ನನ್ನ ಕೈಲಿ ಆಗಾದಿಲ್ಲ," ಎಂದು ಅತ್ತೆ ಅಕ್ಕಿ ಆರಿಸಲು ಹೋದರು. ಮತ್ತೆ ಕರೆದಾಗ ಬಂದರು, ಮತ್ತೆ ಗುರ್ರೆಂದಿತು. ರಜೆಯೆಲ್ಲ ಹೀಗೇ.

ಕಂಪ್ಯೂಟರ್ ಹಿಂದಿರುಗಿಸುವ ದಿನ ಬಂತು. ಮೈದುನ ಮಧ್ಯಾಹ್ನದ ಬಸ್ಸಿಗೆ ಹೊರಡುವವನು. ಅತ್ತೆ ತೊಟ್ಟಿಲ ಕಾರ್ಯಕ್ಕೆಂದು ಬೆಳಿಗ್ಗೆಯೇ ಮುಕ್ಕುಂದಕ್ಕೆ ಹೋಗಿದ್ದರು. "ಈ ಆರನೇ ಮನಿ ಒಂದು ದಾಟಿ ಬಿಡ್ತೀನಿ, ತಡಿಯೋ," ಎಂದು ಮಾವನವರು ಅಂಗಡಿಯನ್ನು ನನ್ನ ಯಜಮಾನರಿಗೆ ಬಿಟ್ಟು ಕೂತಿದ್ದರು. ಮೈದುನ ಸ್ನಾನಕ್ಕೆ ಹೋದ. ನಾನು ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದೆ. ಒಂದೇ ಒಂದು ಗುಂಡು ಉಳಿದಿತ್ತು.

ಮಾವನವರ ಬೆರಳು ನಿಂತಿತು. ತಿರುಗಿ ನೋಡದೆಯೇ ಪಡಸಾಲೆಯ ನಡುವಿನ ಮರದ ಕಂಬದ ಕಡೆ ಗದ್ದ ಎತ್ತಿ ಹೇಳಿದರು: "ನನಗ ಹೇಳಬ್ಯಾಡವ್ವ. ಆ ಕಂಬಕ್ಕ ಹೇಳು. ನಾ ಕೇಳಸ್ಕೋತೀನಿ."

ನನಗೆ ನಗು ಬಂತು. ಕಂಬದ ಹತ್ತಿರ ಹೋಗಿ ಅದರ ಮುಖ ನೋಡಿಯೇ ಹೇಳಿದೆ: "ಕೆಳಗ ಎಡಗಡಿ ಕನ್ನಡಿ ಒಂದೀಟು ತಿರುವಬೇಕು."

"ಹೂಂ. ಕಂಬಕ್ಕ ಬುದ್ಧಿ ಐತಿ." ತಿರುಗಿಸಿದರು. ಗುಂಡು ಒಡೆದು ಬಾಗಿಲು ತೆರೆಯಿತು. ಆ ಖುಷಿಯಲ್ಲಿ ಅವರ ಬೆರಳು ಪಕ್ಕದ ಕನ್ನಡಿಯನ್ನು ಹುಡುಕಿಕೊಂಡು ಹೊರಟಿತ್ತು.

"ನಿಲ್ರೀ ಮಾವಾರ! ಅದನ್ನ ಮುಟ್ಟಬ್ಯಾಡ್ರೀ! ಬೆಳಕು ತಿರುಗಿ ಬರ್ತೈತಿ! ಮ್ಯಾಲಿಂದು, ಬಲಗಡಿ!"

ನನ್ನ ದನಿಗೆ ನಾನೇ ಬೆಚ್ಚಿದೆ. ಸೆರಗು ಹೆಗಲಿಗೆ ಜಾರಿತ್ತು. ಅವರು ಮೇಲಿನ ಬಲಗಡೆಯ ಕನ್ನಡಿ ತಿರುಗಿಸಿದರು. ಬೆಳಕು ನೆಟ್ಟಗೆ ಹೋಗಿ ಬಾಗಿಲು ಸೇರಿತು.

ಮಾವನವರು ಚಪ್ಪಾಳೆ ತಟ್ಟಿದರು. ಆಮೇಲೆ ಸಾವಕಾಶವಾಗಿ, "ಕಂಬದ ದನಿ ಭಾಳ ಜೋರೈತಿ," ಎಂದು ಗೋಡೆಗೆ ಒರಗಿಸಿದ್ದ ಸ್ಟೂಲನ್ನು ಕಾಲಿನಿಂದ ನನ್ನತ್ತ ಸರಿಸಿದರು. "ಕೂಡವ್ವ. ಅಂವ ಜಳಕ ಮುಗಿಸೋದ್ರಾಗ ಏಳನೇದ್ದೂ ನೋಡೂಣು."

ಕಂಪ್ಯೂಟರ್ ಹೋಯಿತು, ಮಾತು ಉಳಿಯಿತು. ಅಂಗಡಿಗೆ ಯಾವ ಬಣ್ಣದ ಸೀರೆ ತರುವುದೆಂದು ಕೇಳಬೇಕಾದರೂ, "ಕಂಬ ಏನಂತೈತಿ?" ಎನ್ನುತ್ತಿದ್ದರು ಮಾವನವರು. ನಾನು ಸ್ಟೂಲಿನ ಮೇಲೆ ಕೂತು ಉತ್ತರ ಹೇಳುತ್ತಿದ್ದೆ. ಅತ್ತೆ ಮೊದಮೊದಲು ಮುಖ ಗಂಟಿಕ್ಕಿದರು. ಆಮೇಲೆ, "ನನಗೂ ಟಪಾಲು ತಪ್ಪಿತು ಬಿಡು," ಎಂದರು. ನನ್ನ ಮಗಳನ್ನು ಸಿಂಧನೂರಿನ ಶಾಲೆಗೆ ಕಳಿಸುವ ಮಾತು ಬಂದಾಗ ಮಾವನವರ ಅಣ್ಣ ತುರ್ವಿಹಾಳದಿಂದ ಬಂದು, "ಹೆಣ್ಣುಹುಡುಗಿ, ಇಲ್ಲೇ ಓದಲಿ ಬಿಡು," ಎಂದರು. ಅವರೆದುರಿಗೇ ಮಾವನವರು ಕಂಬ ನೋಡಿದರು. ನಾನು ಕಳಿಸೋಣ ಎಂದೆ. "ಆತು, ಮುಗೀತು," ಎಂದು ಅಂಗಡಿಗೆ ಎದ್ದರು. ಮಗಳು ಓದಿದಳು.

ತೊಂಬತ್ತರ ದಶಕದ ಕೊನೆಯಲ್ಲಿ ಅವರನ್ನು ಲಿಂಗಸುಗೂರಿನ ಆಸ್ಪತ್ರೆಗೆ ಸೇರಿಸಿದೆವು. ಒಂದು ಸಂಜೆ ಕಣ್ಣು ಮುಚ್ಚಿಕೊಂಡೇ, "ಕಂಬ ಎಲ್ಲೈತಿ?" ಎಂದರು. ನರ್ಸಮ್ಮ ನನ್ನತ್ತ ಬಗ್ಗಿ, "ಅಜ್ಜಾರಿಗೆ ಅರಿವು ತಪ್ಪಾಕತ್ತೈತ್ರಿ," ಎಂದಳು.

"ಇಲ್ಲವ್ವ, ಅರಿವು ಛಲೋ ಐತಿ," ಎಂದೆ. ಮಂಚದ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತೆ. ಆ ಚಪ್ಪಟೆ ಹೆಬ್ಬೆರಳನ್ನು ಅಂದು ಮೊದಲ ಸಲ ಹಿಡಿದುಕೊಂಡೆ.

"ಇಲ್ಲೇ ಐತ್ರೀ, ಮಾವಾರ."