ಎರಡು ಹಳದಿ ಮಾತ್ರೆ

ಅಕ್ಕನಿಗೆ ಮೂವತ್ತೆಂಟು ವರ್ಷ. ಸಂಧಿವಾತ ಶುರುವಾಗಿ ಎರಡು ವರ್ಷವಾಗಿತ್ತು. ಇದು ವಯಸ್ಸಿನ ಸವೆತವಲ್ಲ, ದೇಹವೇ ತನ್ನ ಕೀಲುಗಳ ಮೇಲೆ ಕಾದಾಡುತ್ತಿದೆ ಎಂದಿದ್ದರು ದಾವಣಗೆರೆಯ ಡಾಕ್ಟರು. ಎರಡೂ ಕೈಯ ಬೆರಳುಗಳು ಒಂದೇ ಸಮ ಊದುತ್ತಿದ್ದವು. ಬೆಳಿಗ್ಗೆ ಎರಡು ತಾಸು ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಆ ಕಾದಾಟ ತಗ್ಗಿಸಲು ಭಾನುವಾರ ಮಾತ್ರ ಒಂದು ಮಾತ್ರೆ. ಉಳಿದ ಆರು ದಿನ ಬೇರೆಯದು, ವಿಟಮಿನ್. ಎರಡೂ ಹಳದಿ, ಎರಡೂ ಸಣ್ಣವು.

ಮಾತ್ರೆಯ ಪಟ್ಟಿ ಒತ್ತಿ ಒಡೆಯುವ ಬಲ ಅವಳ ಹೆಬ್ಬೆರಳಿಗಿರಲಿಲ್ಲ. ಹಾಗಾಗಿ ನಾನು ಹರಪನಹಳ್ಳಿಯಿಂದ ಅವಳ ಊರು ತೆಲಿಗಿಗೆ ಹೋಗಿ, ಎರಡು ತಿಂಗಳ ಮಾತ್ರೆ ಬಿಡಿಸಿ, ಒಂದೇ ತರಹದ ಎರಡು ಡಬ್ಬಿಗಳಲ್ಲಿ ತುಂಬಿಡುತ್ತಿದ್ದೆ. ಭಾನುವಾರದ್ದಕ್ಕೆ ಕೆಂಪು ದಾರ.

ಹಾಗೆ ಒಂದು ಸೋಮವಾರ ತುಂಬಿಟ್ಟು ಬಂದೆ. ಶನಿವಾರ ಭಾವ ಫೋನ್ ಮಾಡಿದರು.

"ನಿಮ್ಮಕ್ಕ ರೊಟ್ಟಿ ತಿನ್ನವಲ್ಲಳು. ಬಾಯೆಲ್ಲಾ ಹುಣ್ಣಾಗೈತಿ. ಎಲಿ ಅಡಿಕಿ ಬಿಡು ಅಂದ್ರ ನನ್ನ ಮಾತು ಯಾರು ಕೇಳ್ತಾರ?"

ಹಿಂದಿನಿಂದ ಅಕ್ಕನ ದನಿ: "ಮೊದ್ಲು ನಿಮ್ಮ ಬೀಡಿ ಬಿಡ್ರಿ. ಸುಣ್ಣ ಒಂಚೂರು ಹೆಚ್ಚಾಗೈತಿ, ಅಷ್ಟ."

ಮಾತು ತೊದಲುತ್ತಿತ್ತು. ದಾರವಿಲ್ಲದ ಡಬ್ಬಿಯಲ್ಲಿ ಎಷ್ಟು ಉಳಿದಿವೆ ಎಂದು ಕೇಳಿದೆ.

"ಎರಡ ಅದಾವ. ಕಡಿಮಿ ಹಾಕೀಯೇನೇ ಈ ಸಲ?" ಅಂದಳು ಅಕ್ಕ.

ಅದರಲ್ಲಿ ನಲವತ್ತಕ್ಕೂ ಹೆಚ್ಚು ಇರಬೇಕಿತ್ತು. ಮುಚ್ಚಳ ಹಾಕಿದ ಮೇಲೆ ನಾನು ತಪ್ಪು ಡಬ್ಬಿಗೆ ದಾರ ಕಟ್ಟಿದ್ದೆ. ವಾರಕ್ಕೊಂದು ನುಂಗಬೇಕಾದದ್ದನ್ನು ಅವಳು ಆರು ದಿನವೂ ನುಂಗಿದ್ದಳು.

ಅಂದೇ ದಾವಣಗೆರೆಗೆ ಕರೆದೊಯ್ದೆವು. ರಕ್ತದ ಬಿಳಿಕಣ ಬಹಳ ಕುಸಿದಿತ್ತು.

"ಆ ವಾರದ ಮಾತ್ರೆ ಹೆಚ್ಚಾದರೆ ಸೋಂಕು ಬಂದಾಗ ಎದುರಿಸುವ ಶಕ್ತಿಯೂ ಉಳಿಯಲ್ಲ," ಎಂದರು ಡಾಕ್ಟರು. "ಡಬ್ಬಿ ತುಂಬಿದ್ದು ಯಾರು?"

"ನಾನ ರೀ," ಅಂದಳು ಅಕ್ಕ.

ಡಾಕ್ಟರು ಅವಳ ಬೆರಳುಗಳನ್ನು ನೋಡಿದರು. ಆಮೇಲೆ ನನ್ನನ್ನು.

"ನಾನು," ಅಂದೆ.

ಆ ಮಾತ್ರೆ ನಿಲ್ಲಿಸಿ, ಆಸ್ಪತ್ರೆಯಲ್ಲೇ ಇರಿಸಿಕೊಂಡು ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನ ಜ್ವರ ಬಂತು. ದಿನಾ ರಕ್ತ ತೆಗೆಯುತ್ತಿದ್ದರು. ರಿಪೋರ್ಟನ್ನು ಭಾವನ ಕೈಗೆ ಕೊಟ್ಟು ನಾನು ಅವರ ಮುಖ ನೋಡುತ್ತಿದ್ದೆ. ಆರನೆಯ ದಿನ ಬಿಳಿಕಣ ಏರಿತು. ದೇಹಕ್ಕೆ ಕಾದಾಡುವ ಶಕ್ತಿ ಬಂದಂತೆ ಇನ್ನು ಕೀಲುನೋವೂ ಮರಳಬಹುದು ಎಂದು ಡಾಕ್ಟರು ಎಚ್ಚರಿಸಿದರು.

ಹತ್ತನೆಯ ದಿನ ಬೆಳಿಗ್ಗೆ ಅಕ್ಕ ಮಂಚದಲ್ಲೇ ನರಳಿದಳು. "ಮಣಿಕಟ್ಟು ಬಿಗಿದಾವ. ಏಳಾಕ ಬರವಲ್ದು."

ನನಗೆ ನಗು ಬಂದೇಬಿಟ್ಟಿತು.

"ನನಗ ನೋಯ್ತೈತಿ ಅಂದ್ರ ನಗ್ತೀ ಏನೇ, ಮೂಳಿ?"

ಅವಳ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದೆ.