ಮೂವರು ಮಾರಿಟ್‌ಗಳ ತಾಯಿ ಸಿಗ್ರಿ

ಮಿನಿಯಾಪೊಲಿಸ್‌ನ ಮಕ್ಕಳ ಡಾಕ್ಟರು ಕೊಟ್ಟ ಫಾರಂನಲ್ಲಿ ಒಂದೇ ಒಂದು ಪ್ರಶ್ನೆಗೆ ನಾನು ಉತ್ತರ ಬರೆದಿರಲಿಲ್ಲ: ಮನೆತನದಲ್ಲಿ ಎಳೆಗೂಸುಗಳು ತೀರಿಕೊಂಡದ್ದಿದೆಯೇ? ಇದೆ. ಸಿಗ್ರಿಯ ಹೆಣ್ಣುಮಕ್ಕಳ ರಕ್ತದಲ್ಲೇ ಏನೋ ದೋಷ, ಎರಡು ವರ್ಷ ದಾಟಿದರೆ ಪುಣ್ಯ ಎಂಬ ಮಾತು ಕೇಳುತ್ತಲೇ ಬೆಳೆದವಳು ನಾನು. ನನ್ನ ಮಗಳು ಲಿವ್‌ಗೆ ಆಗ ಹತ್ತು ತಿಂಗಳು. ಅವಳ ಎದೆಬಡಿತದ ಜೊತೆ ಇನ್ನೊಂದು ಸಣ್ಣ ಸದ್ದಿದೆ, ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತದೆ ಎಂದಿದ್ದರು ಡಾಕ್ಟರು. ಆ ‘ಹೆಚ್ಚಿನ’ ಎಂಬ ಮಾತು ನನಗೆ ಅನ್ನನೀರು ಸೇರದಂತೆ ಮಾಡಿತು.

ಸಿಗ್ರಿ ನನ್ನ ಅಜ್ಜಿಯ ಮುತ್ತಜ್ಜಿ. 1871ರಲ್ಲಿ ಗಂಡನೊಡನೆ ನಾರ್ವೆಯಿಂದ ಬಂದು, ಮಿನೆಸೋಟಾದ ಬಯಲಲ್ಲಿ ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಗುಡಿಸಲಲ್ಲಿ ಸಂಸಾರ ಹೂಡಿದವಳು. ಅವಳದೊಂದು ಫೋಟೋ ಕೂಡ ಇಲ್ಲ. ಅಲ್ಲಿನ ಚರ್ಚಿನ ಹಿಂದೆ ಅವಳ ಗೋರಿಕಲ್ಲು, ಪಕ್ಕದಲ್ಲಿ ಮೊಣಕಾಲೆತ್ತರದ ಇನ್ನೆರಡು. ಆ ಎರಡರ ಮೇಲೂ ಮಾರಿಟ್ ಎಂದೇ ಇದೆ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರಿಡುವುದು ನಮ್ಮವರ ರೂಢಿ. ಹಿರಿಯರ ಹೆಸರು ನಿಂತುಹೋಗಬಾರದಲ್ಲ. ಮೂರನೆಯ ಮಾರಿಟ್ ಎಂಬತ್ತೊಂದು ವರ್ಷ ಬದುಕಿದಳು.

ಅವಳನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವುದು ಅವಳ ಮೊಮ್ಮಗಳು ಆರ್ಡಿಸ್ ಒಬ್ಬಳೇ. ನನ್ನ ಅಜ್ಜಿಯ ತಂಗಿ, ನನಗೆ ಚಿಕ್ಕಜ್ಜಿ. ಎಂಬತ್ತೇಳರಲ್ಲೂ ನಾರ್ವೇಜಿಯನ್ ಓದಬಲ್ಲಳು. ಲಿವ್‌ಳನ್ನು ಎತ್ತಿಕೊಂಡು ಅವಳ ಊರಿಗೆ ಹೋದೆ.

“ಇಷ್ಟೆಲ್ಲ ಓದ್ಕೊಂಡು ಒಂದು ಕಾಗದಕ್ಕೆ ಹೆದರ್ಕೊಂಡು ಬಂದ್ಯಾ?” ಎನ್ನುತ್ತ ಅವಳು ಕಾಫಿ ಕೆಟಲನ್ನು ಹಿಂದಿನ ಒಲೆಗೆ ಸರಿಸಿ, ಹಿಡಿಯನ್ನು ಗೋಡೆಯ ಕಡೆ ತಿರುಗಿಸಿದಳು. ನಮ್ಮ ಮನೆಗಳಲ್ಲಿ ಎಲ್ಲರೂ ಹಾಗೇ ಮಾಡುತ್ತೇವೆ. “ಮಗು ನೋಡು, ಒಳ್ಳೆ ಕರು ಇದ್ದಂಗಿದೆ. ಡಾಕ್ಟ್ರಿಗೆ ತೋರಿಸ್ಬೇಕಾಗಿರೋದು ನಿನ್ನನ್ನ.”

“ಚರ್ಚಿನ ಹುಟ್ಟು-ಸಾವಿನ ಪುಸ್ತಕ ಓದಿ ಹೇಳು ಚಿಕ್ಕಜ್ಜಿ. ಅಷ್ಟು ಸಾಕು.”

“ಓದಿದ್ರೆ ಸತ್ತೋರು ಎದ್ದು ಬರ್ತಾರಾ?”

“ಇವಳು ಉಳೀತಾಳೋ ಇಲ್ವೋ ಅದಾದ್ರೂ ಗೊತ್ತಾಗ್ಲಿ.”

ಆಮೇಲೆ ಅವಳು ತಮಾಷೆ ಮಾಡಲಿಲ್ಲ. ಕೋಟು ಹಾಕಿಕೊಂಡಳು.

ಚರ್ಚಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಹಳೆಯ ಪುಸ್ತಕದಲ್ಲಿ ಆಗಿನ ಪಾದ್ರಿ ಒಂದೊಂದು ಸಾವಿಗೂ ಕಾರಣ ಬರೆದಿಟ್ಟಿದ್ದರು. ಚಿಕ್ಕಜ್ಜಿ ಬೆರಳಿಟ್ಟು ಓದಿದಳು. “1874. ಮಾರಿಟ್, ಹದಿನಾಲ್ಕು ತಿಂಗಳು. ಗಂಟಲಮಾರಿ. ಅದೇ ತಿಂಗಳು ಇನ್ನೂ ಹನ್ನೊಂದು ಮಕ್ಕಳಿದಾವೆ ನೋಡು, ಎಲ್ಲ ಅದೇ ಬೇನೆ.”

ಹಾಳೆಗಳನ್ನು ತಿರುವಿದಳು. “1877. ಮಾರಿಟ್.” ಬೆರಳು ಅಲ್ಲೇ ನಿಂತಿತು. ಕನ್ನಡಕ ತೆಗೆದಳು.

“ಓದು ಚಿಕ್ಕಜ್ಜಿ.”

“ಅಂಗಳದಲ್ಲಿ ಸಾಬೂನು ಕಾಯಿಸ್ತಿದ್ಲಂತೆ ಸಿಗ್ರಿ. ಕೊಬ್ಬು, ಬೂದಿನೀರು. ಮಗು ಆಗಷ್ಟೇ ನಡೆಯೋದು ಕಲ್ತಿತ್ತು. ಹಂಡೆ ಹಿಡ್ಕೊಳ್ತು, ಹಂಡೆ ಮಗುಚಿತು. ಸಿಗ್ರಿ ಎರಡೇ ಹೆಜ್ಜೆ ದೂರದಲ್ಲಿದ್ಲು.”

ಪುಸ್ತಕದಲ್ಲಿದ್ದದ್ದು ಒಂದೇ ಸಾಲು.

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ನಮ್ಮಜ್ಜಿ, ಆ ಮೂರನೇ ಮಾರಿಟ್, ಸಾಯೋಕೆ ಮುಂಚೆ ಹೇಳಿದ್ಲು. ಊರೋರು ಸಿಗ್ರಿನ ಆಡ್ಕೋಬಾರ್ದು ಅಂತ ಗಂಡನೇ ರಕ್ತದ ದೋಷ ಅಂತ ಹೇಳ್ಕೊಂಡು ತಿರುಗಿದ್ನಂತೆ. ನಾವೂ ಅದನ್ನೇ ಹೇಳ್ಕೊಂಡು ಬಂದ್ವಿ.”

“ಅದನ್ನ ಕೇಳಿ ನಾನೆಷ್ಟು ಹೆದರಿದೀನಿ ಗೊತ್ತಾ?”

“ಗೊತ್ತು. ಅದಕ್ಕೇ ಬಾಯ್ಬಿಟ್ಟೆ. ಇಲ್ದಿದ್ರೆ ನನ್ನ ಜೊತೇನೇ ಹೋಗ್ತಿತ್ತು ಇದು.”

ಸಿಗ್ರಿ ಆಮೇಲೂ ಮೂವತ್ತೊಂದು ವರ್ಷ ಬದುಕಿದಳು. ಮತ್ತೆಂದೂ ಸಾಬೂನು ಕಾಯಿಸಲಿಲ್ಲ. ಅಂಗಡಿಗೆ ಮೊಟ್ಟೆ ಕೊಟ್ಟು ತಂದಳು. ಊರವರು ಸೋಮಾರಿ ಎಂದರು, ಅನ್ನಿಸಿಕೊಂಡಳು. ಮೂರನೆಯ ಹೆಣ್ಣಿಗೆ ಆ ಹೆಸರು ಬೇಡವೆಂದು ಗಂಡ ಬೇಡಿಕೊಂಡನಂತೆ. ಅವಳು ಕೇಳಲಿಲ್ಲ. ದಿನಕ್ಕೆ ಹತ್ತು ಸಲ ಆ ಹೆಸರು ಕೂಗಿ, ಅದಕ್ಕೆ ಓಗೊಡುವ ಮಗಳನ್ನು ಬೆಳೆಸಿದಳು.

ಚಿಕ್ಕಜ್ಜಿಯ ಮನೆಗೆ ಮರಳಿ ಅಡುಗೆಮನೆಯ ಮೇಜಿನ ಮೇಲೆ ಫಾರಂ ಬಿಡಿಸಿದೆ. ಇಬ್ಬರು, ಎಂದು ಬರೆದೆ. ಒಬ್ಬಳು ಗಂಟಲಮಾರಿಯಿಂದ, ಒಬ್ಬಳು ಆಕಸ್ಮಿಕದಿಂದ.

“ಸಿಗ್ರಿ ಹೆಸರು ಕೇಳಿದಾರಾ ಅದ್ರಲ್ಲಿ?” ಎಂದಳು ಚಿಕ್ಕಜ್ಜಿ.

“ಇಲ್ಲ.”

“ಒಳ್ಳೇದಾಯ್ತು.”

ಅಷ್ಟರಲ್ಲಿ ಲಿವ್ ತೆವಳುತ್ತ ಒಲೆಯ ಬಳಿ ಹೋಗಿ, ಅದರ ಅಂಚು ಹಿಡಿದು ನಿಲ್ಲಲು ನೋಡಿದಳು. ನಾವಿಬ್ಬರೂ ಒಟ್ಟಿಗೇ ಎದ್ದೆವು. ಕೆಟಲಿನ ಹಿಡಿ ಗೋಡೆಯ ಕಡೆಗೇ ಇತ್ತು.