ನಗು ಇಳಿಯುವ ತನಕ

ಆಗುವುದೇ ಇಲ್ಲ ಎಂದವನು ನನ್ನ ಸೋದರಮಾವ. ಗದಗಿನ ನಮ್ಮ ಹಿಟ್ಟಿನ ಗಿರಣಿಯಲ್ಲಿ ಜೋಳದ ಚೀಲ ಬಿಚ್ಚುತ್ತ ಎಲ್ಲರೆದುರು ಅಂದಿದ್ದ: "ಈಕಿ ನಾಲ್ಕ ಮಂದಿ ಮುಂದ ಇಂಗ್ಲಿಷ್ ಮಾತಾಡೂದು? ಅವತ್ತ ಎಮ್ಮಿ ಏಣಿ ಹತ್ತತೈತಿ!"

ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಹಟಕ್ಕೆ ಬಿದ್ದು ಮುಂದಿನ ಓದಿಗೆ ನೆದರ್ಲೆಂಡ್ಸಿಗೆ ಬಂದೆ. ರೈಸ್‌ವೈಕ್ ಎಂಬ ಊರಿನಲ್ಲಿ ಒಬ್ಬ ಡಚ್ ಅಜ್ಜಿಯ ಮಾಳಿಗೆಯಲ್ಲಿ ಕೋಣೆ ಹಿಡಿದ ಕೆಲವೇ ತಿಂಗಳಿಗೆ ಕೊರೊನಾ ಬಂದು ಎಲ್ಲ ಮುಚ್ಚಿತು.

ಯಂತ್ರಗಳ ನಡುಕ ಅಳೆಯುವ ಬಗ್ಗೆ ಪ್ರಬಂಧ ಬರೆದದ್ದಾಯಿತು. ಉಳಿದದ್ದು ಅದನ್ನು ಆನ್‌ಲೈನಿನಲ್ಲಿ ಪರೀಕ್ಷಕರೆದುರು ಮಂಡಿಸುವುದು. ಅದರಲ್ಲಿ ಸೋತರೆ ಪದವಿಯಿಲ್ಲ. ಅಭ್ಯಾಸದ ದಿನ ಪ್ರೊಫೆಸರು, "ಕೆಲಸ ಚೆನ್ನಾಗಿದೆ, ಆದರೆ ನೀವು ಹೇಳಿದ್ದು ಒಂದೂ ತಿಳಿಯಲಿಲ್ಲ" ಎಂದುಬಿಟ್ಟರು. ಗಿರಣಿಯಲ್ಲಿ ಬೆಳೆದವರು ಯಂತ್ರದ ಸದ್ದಿನ ಮೇಲೆ ಒಂದೇ ಉಸಿರಿಗೆ ಕೂಗಿ ಮುಗಿಸುತ್ತೇವೆ. ಇಂಗ್ಲಿಷನ್ನೂ ನಾನು ಹಾಗೇ ಕೂಗುತ್ತಿದ್ದೆ.

ಕೂಗು ಕೆಳಗಿನ ಅಜ್ಜಿಗೂ ಕೇಳಿಸಿತ್ತು. ಹಳೆಯ ಬ್ರಿಟಿಷ್ ರೇಡಿಯೊ ಹಾಸ್ಯವನ್ನೂ ಅದರ ಕಲಾವಿದರನ್ನೂ ನೆನೆಯುವ ಒಂದು ಪಾಡ್‌ಕಾಸ್ಟನ್ನು ಅವರು ದಿನಾ ಹಚ್ಚುತ್ತಿದ್ದರು. ಚಿಕ್ಕಂದಿನಲ್ಲಿ ಸಮುದ್ರದಾಚೆಯಿಂದ ಬರುತ್ತಿದ್ದ ಆ ಕಾರ್ಯಕ್ರಮಗಳಿಂದಲೇ ಅವರು ಇಂಗ್ಲಿಷ್ ಕಲಿತದ್ದಂತೆ. "ಕೇಳು ಹುಡುಗಿ, ಇವರಿಗೆ ಅವಸರವೇ ಇಲ್ಲ," ಎಂದರು.

ಮೊದಮೊದಲು ಆ ಹಳೆಯ ಧ್ವನಿಮುದ್ರಣದ ಸಭಿಕರು ನಕ್ಕ ಮೇಲೆ ನಾನು ನಗುತ್ತಿದ್ದೆ. ಪಾಡ್‌ಕಾಸ್ಟ್ ನಡೆಸುವ ಮುದುಕರಿಬ್ಬರು ಆ ಕಲಾವಿದರ ಸುದ್ದಿಯನ್ನು ಮನೆಮಂದಿಯ ಸುದ್ದಿಯಂತೆ ಹೇಳುತ್ತಿದ್ದರು. ಆ ಕಲಾವಿದರು ಓದಿ ಮುಗಿದ ಹಾಳೆಯನ್ನು ಮೈಕಿಗೆ ಸದ್ದು ಕೇಳದಂತೆ ಜಮಖಾನೆಯ ಮೇಲೆ ಬೀಳಿಸುತ್ತಿದ್ದರಂತೆ. ನಗು ಅರ್ಧ ಇಳಿಯುವ ತನಕ ಮುಂದಿನ ಮಾತನ್ನು ಬಾಯಲ್ಲೇ ಹಿಡಿದಿರುತ್ತಿದ್ದರಂತೆ. ನಾನೂ ಹಾಳೆ ಬೀಳಿಸಿದೆ, ಕಾಯುವುದು ಕಲಿತೆ. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಜ್ಜಿಯೇ ನನ್ನ ಸಭೆ.

ಪರೀಕ್ಷೆಯ ದಿನ ಧೈರ್ಯ ಸ್ವಲ್ಪ ಹೆಚ್ಚೇ ಆಯಿತು. "ನಡುಕ ಅಳೆಯುವ ಈ ಸೆನ್ಸರಿನ ಕೆಲಸವನ್ನು ನಮ್ಮೂರ ಗಿರಣಿಯಲ್ಲಿ ಬೆಕ್ಕು ಮಾಡುತ್ತದೆ. ಬೆಲ್ಟು ಸಡಿಲಾದರೆ ಎದ್ದು ಹೊರಗೆ ಹೋಗುತ್ತದೆ" ಎಂದು ನಗುವಿಗೆ ಕಾಯ್ದೆ. ಸದ್ದೇ ಇಲ್ಲ. ಎಲ್ಲರ ಮೈಕೂ ಬಂದ್ ಎನ್ನುವುದನ್ನು ಮರೆತಿದ್ದೆ! ಮತ್ತೆ ಒಂದೇ ಉಸಿರಿಗೆ ಓಡಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನಿಂದ ಅಜ್ಜಿಯ ನಗು ಕೇಳಿತು. ಪರದೆ ನೋಡಿದರೆ ಪ್ರೊಫೆಸರರ ಭುಜ ಕುಣಿಯುತ್ತಿತ್ತು. ಅದು ನಿಲ್ಲುವ ತನಕ ತಡೆದು, ನಿಧಾನಕ್ಕೆ ಮುಂದಿನ ಮಾತು ಹೇಳಿದೆ. ಪಾಸಾದೆ.

ಪ್ರಮಾಣಪತ್ರ ಕೊಡುವ ದಿನ ಪ್ರೊಫೆಸರು ಅದನ್ನು ಮೇಜಿನ ಮೇಲಿಟ್ಟು, ಕೊರೊನಾ ನಿಯಮದಂತೆ ಒಂದೂವರೆ ಮೀಟರ್ ಹಿಂದೆ ಸರಿದು, ತೆಗೆದುಕೊಳ್ಳಿ ಎಂದು ಕೈತೋರಿದರು. ಮಾವ ಗಿರಣಿ ನಿಲ್ಲಿಸಿ ವಿಡಿಯೊ ಕರೆಯಲ್ಲಿ ನೋಡುತ್ತಿದ್ದ. ಪತ್ರ ಎತ್ತಿ ಫೋನಿಗೆ ತೋರಿಸಿದೆ.

"ಮಾವಾ, ಕೇಳಸ್ತೈತೇನು?"

"ಕೇಳಸ್ತೈತಿ ತಂಗಿ. ಎಮ್ಮಿ ಏಣಿ ಹತ್ತೇತಿ," ಎಂದು ಕಣ್ಣೊರೆಸಿಕೊಂಡ. "ಆದ್ರ ಆ ಸರ್ ಯಾಕ ಹಿಂದ ಸರದ್ರು? ಎಮ್ಮಿ ಹಾಯ್ತೈತಂತ ಅಂಜಿದ್ರೇನು?"